ಕೃಷ್ಣೆಯ ಧಬಧಬೆ ಮತ್ತು ಬಿಸಿಲಿನ ಚಿತ್ರ

ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕುಗಳು ಬಯಲು ನಾಡಿನವು. ಆಳಂದ ಅಫಜಲಪುರಗಳಲ್ಲಿ ಕರಿಕಲ್ಲಿನ ಹಾಸಿನ ಮೇಲೆ ಎರೆಮಣ್ಣು ಹರಡಿಕೊಂಡಿದೆ. ಜೇವರ್ಗಿಯ ಕಡೆಗೆ ಸಾಗಿದಂತೆ ಸುಣ್ಣಗಲ್ಲಿನ ಪದರುಗಳು, ಅಂದರೆ ಶಹಾಬಾದ ಕಲ್ಲೆಂದು ಮನೆಮನೆಗೂ ಪರಿಚಿತವಾದ ಚಪ್ಪಡಿಗಳು, ಕಾಣತೊಡಗುತ್ತವೆ. ಆಳಂದದ ನೆಲದಿಂದ ಇಳಿದು ಬರುವ ಅಮರ್ಜೆಯು ಗಾಣಗಾಪುರದ ಸಂಗಮದಲ್ಲಿ ಭೀಮೆಯನ್ನು ಕೂಡುತ್ತದೆ. ಭೀಮೆಯು ಅಫಜಲಪುರ, ಜೇವರ್ಗಿಗಳ ನೆಲವನ್ನು ಮುಟ್ಟಿಕೊಂಡು ಹೋಗಿ ಕೊನೆಗೆ ಕೃಷ್ಣೆಯನ್ನು ಸೇರುತ್ತದೆ. ಈ ಸೀಮೆಯಲ್ಲಿ ನದಿಗಳು ಧುಮುಕುವದಿಲ್ಲ, ನಡೆಯುತ್ತವೆ. ಆದುದರಿಂದ ಧಬಧಬೆಗಳನ್ನು ಬಿಸಿಲಿನ ಬೆಳಕಿನಲ್ಲಿ ಚಿತ್ರ ಹಿಡಿಯುವ ಕಲೆಯ ಇತಿಹಾಸವು ಈ ಸೀಮೆಯವರಿಗೆ ಪರದೇಶದ ಕಥೆಯೆಂದು ಮೊದಲ ನೋಟಕ್ಕೆ ತೋರಿದರೆ ಆಶ್ಚರ್ಯವಿಲ್ಲ.

ಆದರೆ ಜೇವರ್ಗಿಯ ಹೊಲಗಳಿಗೆ ಬರುವ ಕಾಲುವೆಯ ನೀರನ್ನು ಅದರ ಮೂಲದ ಕಡೆಗೆ ಹಿಂಬಾಲಿಸಿ ಹೋದರೆ ಈ ಕಥೆಯು ಮನೆಯ ಬಾಗಿಲಿಗೇ ಬಂದು ನಿಲ್ಲುತ್ತದೆ. ಜೇವರ್ಗಿ ಶಾಖಾ ಕಾಲುವೆಯ ನೀರು ನಾರಾಯಣಪುರದ ಎಡದಂಡೆ ಕಾಲುವೆಯ ನೀರು. ಆ ನೀರು ಕೃಷ್ಣೆಯದು. ನಾರಾಯಣಪುರದ ಆಣೆಕಟ್ಟಿನ ಕೆಳಗೆ ಛಾಯಾ ಭಗವತಿಯ ಕ್ಷೇತ್ರವೂ ಜಲದುರ್ಗದ ನಡುಗಡ್ಡೆಯೂ ಇವೆ. ಅಲ್ಲಿ ಕೃಷ್ಣೆಯು ದಖ್ಖಣದ ಎತ್ತರದ ಭೂಮಿಯಿಂದ ಸುರಪುರ, ರಾಯಚೂರುಗಳ ತಗ್ಗಿನ ಬಯಲಿಗೆ ಇಳಿಯುತ್ತದೆ. 1908ರಲ್ಲಿ ಪ್ರಕಟವಾದ ಇಂಪೀರಿಯಲ್ ಗೆಜೆಟಿಯರಿನ ಲೆಕ್ಕದ ಪ್ರಕಾರ ಸುಮಾರು ಮೂರು ಮೈಲುಗಳ ಅಂತರದಲ್ಲಿ ನದಿಯು ಇಳಿಯುವ ಎತ್ತರವು 408 ಅಡಿ. ಅದು ಗೇರಸೊಪ್ಪೆಯಂತೆ ಒಂದೇ ಜಿಗಿತವಲ್ಲ; ಕಣಶಿಲೆಯ ಹಾಸಿನ ಮೇಲೆ ಮೆಟ್ಟಲು ಮೆಟ್ಟಲಾಗಿ ಮುರಿದು ಬೀಳುವ ಧಬಧಬೆಗಳ ಸಾಲು. ಮಹಾಪೂರದ ಕಾಲಕ್ಕೆ ಅಲ್ಲಿ ತುಂತುರಿನ ಎತ್ತರವಾದ ಕಂಬವು ಏಳುತ್ತಿತ್ತೆಂದು ಅದೇ ಗ್ರಂಥವು ಹೇಳುತ್ತದೆ.

ಇಂದು ಆ ನೀರಿನ ದೊಡ್ಡ ಪಾಲು ಬಂಡೆಯ ಮೇಲೆ ಬೀಳುವ ಬದಲು ಹೊಲದ ಸಾಲಿಗೆ ಹರಿಯುತ್ತದೆ. ಹೀಗಿರುವಾಗ ಒಂದು ಪ್ರಶ್ನೆಯು ತಾನಾಗಿಯೇ ಏಳುತ್ತದೆ. ಒಂದು ಕಾಲಕ್ಕೆ ಒಂದು ಧಬಧಬೆಯು ಹೇಗಿತ್ತೆಂಬದಕ್ಕೆ ಸಾಕ್ಷಿ ಯಾವದು? ಶಿಲಾಶಾಸನವು ತನ್ನ ಸಾಕ್ಷಿಯನ್ನು ತಾನೇ ಹೇಳುತ್ತದೆ. ಹಾಳು ಬಿದ್ದ ಗುಡಿಯು ಕೂಡ ಅಡಿಪಾಯವನ್ನಾದರೂ ಉಳಿಸುತ್ತದೆ. ನೀರು ಯಾವದನ್ನೂ ಉಳಿಸುವದಿಲ್ಲ. ಬರೆದಿಟ್ಟ ಮಾತು, ಅಳೆದಿಟ್ಟ ಅಂಕೆ, ಬಿಸಿಲಿನಲ್ಲಿ ಹಿಡಿದ ಛಾಯಾಚಿತ್ರ ಈ ಮೂರೇ ಅದರ ಶಾಸನಗಳು. ಇವುಗಳಲ್ಲಿ ಮೂರನೆಯದು ಕನ್ನಡ ನಾಡಿನಲ್ಲಿ ತಡವಾಗಿ ಹುಟ್ಟಿತು. ಹುಟ್ಟಿದ ಮೇಲೆಯೂ ಬಹುಕಾಲ ಅರ್ಧ ಕುರುಡಾಗಿಯೇ ಇತ್ತು. ಅದಕ್ಕೆ ಕಾರಣವೇನೆಂಬದನ್ನೂ, ಆ ಕೊರತೆಯಿಂದ ಇಂದಿನವರು ಕಲಿಯತಕ್ಕದ್ದೇನೆಂಬದನ್ನೂ ವಿಚಾರಿಸುವದು ಅವಶ್ಯ.

ಛಾಯಾಚಿತ್ರದ ವಿದ್ಯೆಯು ಲೋಕಕ್ಕೆ ಬಹಿರಂಗವಾದದ್ದು 1839ರಲ್ಲಿ, ಪ್ಯಾರಿಸ್ ನಗರದಲ್ಲಿ. ದಾಗೇರನು ಬೆಳ್ಳಿಯ ಲೇಪವಿದ್ದ ತಾಮ್ರದ ತಗಡಿನ ಮೇಲೆ ಬೆಳಕಿನ ಮುದ್ರೆಯನ್ನು ನಿಲ್ಲಿಸಿ ತೋರಿಸಿದನು. ಇಂಗ್ಲಂಡಿನ ಟಾಲ್ಬಟ್ಟನು 1841ರಲ್ಲಿ ಕಾಗದದ ಮೇಲೆ ನೆಗೆಟಿವನ್ನು ಮಾಡಿ, ಅದರಿಂದ ಬೇಕಾದಷ್ಟು ಪ್ರತಿಗಳನ್ನು ತೆಗೆಯುವ ಮಾರ್ಗವನ್ನು ಸ್ಥಿರಪಡಿಸಿದನು. ಮುಂಬಯಿಯಲ್ಲಿ ಛಾಯಾಗ್ರಾಹಕರ ಸಂಘವು 1854ರಲ್ಲಿ ಸ್ಥಾಪಿತವಾಯಿತು. ಕಲಕತ್ತೆ ಮದರಾಸುಗಳಲ್ಲಿ 1856ರಲ್ಲಿ. ಈ ಹೊಸ ಯಂತ್ರವು ಕನ್ನಡ ನಾಡಿಗೆ ಬಂದದ್ದೂ ಇದೇ ಸುಮಾರಿಗೆ. ಲಿನಿಯಸ್ ಟ್ರೈಪ್ ಎಂಬ ಸೈನ್ಯಾಧಿಕಾರಿಯು 1854ರ ಕೊನೆಯಲ್ಲಿ ಹಳೇಬೀಡು, ಬೇಲೂರು, ಶ್ರವಣಬೆಳಗೊಳಗಳಲ್ಲಿ ಚಿತ್ರಗಳನ್ನು ತೆಗೆದನು. ಮುಂಬಯಿ ಸರಕಾರದ ನೇಮಣೂಕಿಯ ಮೇಲೆ ಥಾಮಸ್ ಬಿಗ್ಸನು 1855ರಲ್ಲಿ ವಿಜಾಪುರ, ಬಾದಾಮಿ, ಐಹೊಳೆಗಳಲ್ಲಿ ಕೆಲಸ ಮಾಡಿದನು. ಅವನ ತರುವಾಯ ಆ ಕೆಲಸವು ಪಿಗೂ ಎಂಬ ವೈದ್ಯನಿಗೆ ಬಂತು. ಅಲೆಕ್ಸಾಂಡರ್ ಗ್ರೀನ್‌ಲಾನು 1856ರಲ್ಲಿ ವಿಜಯನಗರದ ಹಾಳುಗಳನ್ನು ದೊಡ್ಡ ಕಾಗದದ ನೆಗೆಟಿವುಗಳ ಮೇಲೆ ಇಳಿಸಿಕೊಂಡನು.

ಈ ಹೆಸರುಗಳನ್ನು ಒಟ್ಟಿಗೆ ನೋಡಿದರೆ ಒಂದು ಸಂಗತಿಯು ಎದ್ದು ಕಾಣುತ್ತದೆ. ಇವರೆಲ್ಲರ ಯಂತ್ರಗಳು ತಿರುಗಿದ್ದು ಕಲ್ಲಿನ ಕಡೆಗೆ. ಸರಕಾರಕ್ಕೆ ಬೇಕಾದದ್ದು ಗುಡಿ, ಗುಮ್ಮಟ, ಶಾಸನಗಳ ನಕಲು. ನದಿಯ ಚಿತ್ರವನ್ನು ಯಾರೂ ಕೇಳಿರಲಿಲ್ಲ. ಇದಕ್ಕೆ ಒಂದು ಒಳ್ಳೆಯ ಉದಾಹರಣೆಯು ಸುರಪುರದ ಸಂಬಂಧದಿಂದಲೇ ದೊರೆಯುತ್ತದೆ. ಫಿಲಿಪ್ ಮೆಡೋಸ್ ಟೇಲರನು 1841ರಿಂದ 1853ರ ವರೆಗೆ ಸುರಪುರ ಸಂಸ್ಥಾನದ ಆಡಳಿತವನ್ನು ನೋಡಿಕೊಂಡವನು. ಲೇಖಣಿಯಂತೆ ಕುಂಚವನ್ನೂ ಬಲ್ಲವನು. ಕೃಷ್ಣೆಯ ಧಬಧಬೆಗಳು ಆ ಸಂಸ್ಥಾನದ ಸೀಮೆಯವು. ಮುಂದೆ 1866ರಲ್ಲಿ ಪಿಗೂ, ನೀಲ್, ಬಿಗ್ಸ್ ಇವರ ಛಾಯಾಚಿತ್ರಗಳು ಧಾರವಾಡ ಮತ್ತು ಮೈಸೂರು ಪ್ರಾಂತಗಳ ವಾಸ್ತುಶಿಲ್ಪದ ಗ್ರಂಥವಾಗಿ ಲಂಡನ್ನಿನಲ್ಲಿ ಅಚ್ಚಾದಾಗ, ಅದಕ್ಕೆ ಐತಿಹಾಸಿಕ ವಿವರಣೆಯನ್ನು ಬರೆದವನು ಇದೇ ಟೇಲರನು. ಹೀಗೆ ಧಬಧಬೆಯ ನೆರೆಯಲ್ಲಿ ಹತ್ತು ಹನ್ನೆರಡು ವರ್ಷ ಬಾಳಿದವನ ಲೇಖಣಿಯೂ, ನಾಡಿನ ಮೊದಲ ಛಾಯಾಗ್ರಾಹಕರ ಯಂತ್ರವೂ ಒಂದೇ ಗ್ರಂಥದಲ್ಲಿ ಕೂಡಿದವು. ಆದರೆ ಕೂಡಿದ್ದು ಕಲ್ಲಿನ ಸಲುವಾಗಿ.

ಇದು ಅವರ ಅಲಕ್ಷ್ಯವಷ್ಟೇ ಎಂದು ತಿಳಿದರೆ ಅನ್ಯಾಯವಾದೀತು. ಆಗಿನ ರಸಾಯನವೇ ನೀರಿಗೆ ಒಗ್ಗುವಂತಹದಾಗಿರಲಿಲ್ಲ. ಮೇಣ ಸವರಿದ ಕಾಗದದ ನೆಗೆಟಿವನ್ನು ಮುಂಚಿತವಾಗಿ ಸಿದ್ಧಪಡಿಸಿ ಇಟ್ಟುಕೊಳ್ಳಬಹುದಾಗಿತ್ತು. ಬಿಸಿಲಿನ ನಾಡಿನಲ್ಲಿ ಅದೊಂದು ದೊಡ್ಡ ಅನುಕೂಲ. ಆದರೆ ಅದರ ಮೇಲೆ ಚಿತ್ರವು ಮೂಡಬೇಕಾದರೆ ಪ್ರಖರವಾದ ಬಿಸಿಲಿನಲ್ಲಿಯೂ ಹಲವು ನಿಮಿಷಗಳು ಬೇಕು. 1851ರಲ್ಲಿ ಸ್ಕಾಟ್ ಆರ್ಚರನು ಪ್ರಕಟಿಸಿದ ಕೊಲೋಡಿಯನ್ ಪದ್ಧತಿಯಲ್ಲಿ ಗಾಜಿನ ಫಲಕವು ಇದಕ್ಕಿಂತ ಚುರುಕಾಗಿತ್ತು. ಕೆಲವು ಸೆಕೆಂಡುಗಳಲ್ಲಿಯೇ ಬಯಲಿನ ನೋಟವು ದೊರೆಯುತ್ತಿತ್ತು. ಆದರೆ ಆ ಫಲಕಕ್ಕೆ ಲೇಪವನ್ನು ಹಚ್ಚಿ, ಬೆಳ್ಳಿಯ ದ್ರಾವಣದಲ್ಲಿ ಅದ್ದಿ, ಹಸಿಯಾಗಿರುವಾಗಲೇ ಯಂತ್ರದಲ್ಲಿಟ್ಟು, ಹಸಿಯಾಗಿರುವಾಗಲೇ ತೊಳೆದು ಮುಗಿಸಬೇಕು. ಕಪ್ಪು ಬಟ್ಟೆಯ ಡೇರೆ, ಗಾಜುಗಳ ಪೆಟ್ಟಿಗೆ, ಔಷಧಗಳ ಬಾಟಲಿಗಳು, ಶುದ್ಧ ನೀರು ಇವೆಲ್ಲವೂ ಧಬಧಬೆಯ ದಂಡೆಯ ವರೆಗೆ ಹೊತ್ತು ಬರಬೇಕು. 1863ರಲ್ಲಿ ಸ್ಯಾಮ್ಯುಯೆಲ್ ಬೋರ್ನನು ಸಿಮ್ಲೆಯಿಂದ ಹಿಮಾಲಯದೊಳಗೆ ಚಿತ್ರಯಾತ್ರೆ ಹೊರಟಾಗ ಅವನ ಸಾಮಾನು ಹೊರಲು ಸುಮಾರು ಮೂವತ್ತು ಜನ ಕೂಲಿಗಳು ಬೇಕಾದರು. ದಖ್ಖಣದ ಉರಿಯಲ್ಲಿ ಲೇಪವು ಬೇಗನೆ ಒಣಗಿಹೋಗುವ ಭಯವು ಬೇರೆ.

ಇನ್ನು ನೀರಿನ ವೇಗವನ್ನು ಲೆಕ್ಕ ಹಾಕಬೇಕು. ಹದಿನಾರು ಅಡಿ, ಅಂದರೆ ಸುಮಾರು 5 ಮೀಟರು ಎತ್ತರದಿಂದ ಬಿದ್ದ ನೀರು ಕೆಳಗೆ ಮುಟ್ಟುವಾಗ ಸೆಕೆಂಡಿಗೆ ಹತ್ತು ಮೀಟರಿನ ವೇಗವನ್ನು ಪಡೆದಿರುತ್ತದೆ. ಫಲಕವು ಒಂದು ಸೆಕೆಂಡು ತೆರೆದಿದ್ದರೆ ಅಷ್ಟರಲ್ಲಿ ಆ ವೇಗದ ನೀರು ಹತ್ತು ಮೀಟರು ಸಾಗುತ್ತದೆ. ಯಾವ ಹನಿಯೂ ಯಾವ ಜಾಗದಲ್ಲಿಯೂ ತನ್ನ ಗುರುತನ್ನು ಬಿಡುವಷ್ಟು ನಿಲ್ಲುವದಿಲ್ಲ. ಬಿದ್ದ ಹನಿಗಳೆಲ್ಲವೂ ಒಂದರ ಮೇಲೊಂದು ಮುದ್ರೆಗೊಂಡು ಬಿಳಿಯ ನಯವಾದ ಪರದೆಯಾಗಿ ತೋರುತ್ತವೆ. ಅದೇ ನೀರನ್ನು ಸೆಕೆಂಡಿನ ಐನೂರನೆಯ ಒಂದು ಭಾಗದಲ್ಲಿ ಹಿಡಿದರೆ ಅದು ಸಾಗಿದ ದೂರವು ಕೇವಲ ಎರಡು ಸೆಂಟಿಮೀಟರು. ಆಗ ಹನಿಗಳು ಒಡೆದ ಗಾಜಿನ ಚೂರುಗಳಂತೆ ಬೇರೆ ಬೇರೆಯಾಗಿ ಕಾಣುತ್ತವೆ. ಆದುದರಿಂದ ಹಳೆಯ ಚಿತ್ರಗಳಲ್ಲಿ ಧಬಧಬೆಯು ರೇಶಿಮೆಯ ಸೀರೆಯಂತೆ ಇಳಿಬಿದ್ದಿರುವದು ಕಲಾವಿದನ ಅಭಿರುಚಿಯ ಫಲವಲ್ಲ; ನಿಧಾನವಾದ ಫಲಕದ ಫಲ. ಇಂದಿನವರು ಮಸೂರದ ಮುಂದೆ ಬೂದು ಬಣ್ಣದ ಗಾಜನ್ನು ಇಟ್ಟು, ಬೆಳಕನ್ನು ಬೇಕೆಂದೇ ತಗ್ಗಿಸಿ, ಅದೇ ರೇಶಿಮೆಯನ್ನು ಪ್ರಯತ್ನದಿಂದ ಪಡೆಯುತ್ತಾರೆ. ಒಂದು ಕಾಲದ ಅಸಹಾಯಕತೆಯು ಇನ್ನೊಂದು ಕಾಲಕ್ಕೆ ಸೊಗಸಾಗಿದೆ.

ಇನ್ನೊಂದು ತೊಡಕು ಬಣ್ಣದ್ದು. ಆಗಿನ ಬೆಳ್ಳಿಯ ಲವಣಗಳು ನೀಲಿ ಬೆಳಕಿಗೆ ಮಾತ್ರ ಬೇಗನೆ ಎಚ್ಚರಗೊಳ್ಳುತ್ತಿದ್ದವು. ಹಸರು ಕೆಂಪುಗಳಿಗೆ ಬಹುಮಟ್ಟಿಗೆ ಕುರುಡು. ನೀಲ ಆಕಾಶವೂ ಬಿಳಿಯ ನೊರೆಯೂ ಫಲಕವನ್ನು ಕ್ಷಣದಲ್ಲಿ ಸುಟ್ಟುಬಿಡುತ್ತಿದ್ದವು. ಒದ್ದೆಯಾದ ಕರಿ ಬಂಡೆಯೂ ದಟ್ಟ ಹಸರಿನ ಗಿಡಗಳೂ ಇನ್ನೂ ಕತ್ತಲೆಯಲ್ಲಿಯೇ ಇರುತ್ತಿದ್ದವು. ಬಂಡೆಗೆ ಸಾಕಾಗುವಷ್ಟು ಹೊತ್ತು ತೆರೆದರೆ ನೀರು ಬರಿಯ ಬಿಳಿ ಕಾಗದ. ನೀರಿಗೆ ಸರಿಯಾಗುವಂತೆ ಮುಚ್ಚಿದರೆ ಬಂಡೆಯು ಬರಿಯ ಮಸಿ. ಫ್ರಾನ್ಸಿನ ಗುಸ್ತಾವ್ ಲ ಗ್ರೇನು 1856ರ ಸುಮಾರಿಗೆ ಸಮುದ್ರದ ಕೆಲವು ಚಿತ್ರಗಳಲ್ಲಿ ಆಕಾಶಕ್ಕೊಂದು ನೆಗೆಟಿವು, ನೀರಿಗೊಂದು ನೆಗೆಟಿವು ತೆಗೆದು ಎರಡನ್ನೂ ಒಂದೇ ಕಾಗದದ ಮೇಲೆ ಕೂಡಿಸಿ ಅಚ್ಚು ಹಾಕಿದ್ದು ಈ ಕಷ್ಟದ ಪರಿಹಾರಕ್ಕಾಗಿಯೇ. 1873ರಲ್ಲಿ ಜರ್ಮನಿಯ ಫೋಗೆಲನು ಬಣ್ಣದ ರಸವನ್ನು ಬೆರೆಸಿ ಫಲಕಕ್ಕೆ ಹಸರನ್ನು ಕಾಣಿಸುವ ಉಪಾಯವನ್ನು ಕಂಡುಹಿಡಿದನು. ಕೆಂಪನ್ನೂ ಕಾಣಬಲ್ಲ ಫಲಕಗಳು ಅಂಗಡಿಗೆ ಬಂದದ್ದು 1906ರಲ್ಲಿ. ಅಲ್ಲಿಯ ವರೆಗಿನ ಚಿತ್ರಗಳಲ್ಲಿ ಆಕಾಶವು ಬೆಳ್ಳಗೆ ಬರಿದಾಗಿದ್ದರೆ ಆ ದಿನ ಮೋಡವಿರಲಿಲ್ಲವೆಂದು ತಿಳಿಯುವದು ತಪ್ಪು. ಮೋಡವಿದ್ದರೂ ಫಲಕವು ಕಂಡಿರಲಿಕ್ಕಿಲ್ಲ.

ಇವೆಲ್ಲಕ್ಕೂ ಮಿಗಿಲಾದ ತೊಡಕು ಋತುವಿನದು. ಅದು ಈ ನಾಡಿನದೇ ತೊಡಕು. ಆಷಾಢ ಶ್ರಾವಣಗಳಲ್ಲಿ ನದಿಗೆ ನೀರಿರುತ್ತದೆ, ಆಕಾಶದಲ್ಲಿ ಬೆಳಕಿರುವದಿಲ್ಲ. ಮಾಘ ಫಾಲ್ಗುಣಗಳಲ್ಲಿ ಬೆಳಕು ಬೇಕಾದಷ್ಟು, ನೀರು ಮಾತ್ರ ಬಂಡೆಗಳ ನಡುವೆ ಎಳೆಯಾಗಿರುತ್ತದೆ. ಇವೆರಡೂ ಕೂಡುವದು ಮಳೆಯು ಹಿಂದೆಗೆಯುವ ಭಾದ್ರಪದ ಆಶ್ವಿನಗಳ ಕೆಲವೇ ವಾರಗಳಲ್ಲಿ. ಆಗ ಕೂಡ ಹೊತ್ತನ್ನು ನೋಡಬೇಕು. ನಡುಹಗಲಿನ ಬಿಸಿಲು ನೊರೆಯನ್ನು ಕುರುಡುಗೊಳಿಸುವಷ್ಟು ಬೆಳ್ಳಗೆ ಮಾಡಿ ಬಂಡೆಯ ಸಂದುಗಳನ್ನು ಕಪ್ಪಾಗಿಸುತ್ತದೆ. ಮೂಡಲಿಗೆ ಮುಖವಾದ ಧಬಧಬೆಗೆ ಮುಂಜಾವು, ಪಡುವಲಿಗೆ ಮುಖವಾದದ್ದಕ್ಕೆ ಇಳಿಹೊತ್ತು ಹಿತವಾದ ಬೆಳಕನ್ನು ಕೊಡುತ್ತದೆ. ತೆಳುವಾದ ಮೋಡವಿದ್ದರೆ ಬೆಳಕು ಸೋಸಿ ಬಂದು ನೀರಿಗೂ ಬಂಡೆಗೂ ಸಂಧಿಯನ್ನು ಮಾಡಿಸುತ್ತದೆ. ತುಂತುರಿನಲ್ಲಿ ಕಾಮನಬಿಲ್ಲು ಕಾಣಬೇಕಾದರೆ ಸೂರ್ಯನು ನೋಡುವವನ ಬೆನ್ನ ಹಿಂದೆ ಇರಬೇಕು. ಅವನ ನೆರಳಿನ ತಲೆಯ ದಿಕ್ಕಿನಿಂದ ಸುಮಾರು 42 ಅಂಶಗಳ ಕೋನದಲ್ಲಿ ಬಿಲ್ಲು ಮೂಡುತ್ತದೆ. ಈ ನಿಯಮಗಳನ್ನು ಮನುಷ್ಯನು ಮಾಡಲಿಲ್ಲ, ಮುರಿಯಲೂ ಬಾರದು. ಬಿಸಿಲಿನಲ್ಲಿ ತೆಗೆದ ಚಿತ್ರಕ್ಕೆ ಸಾಕ್ಷಿಯ ಬೆಲೆಯು ಬರುವದು ಈ ಕಾರಣದಿಂದಲೇ.

ಪರದೇಶಗಳಲ್ಲಿ ಈ ಸಾಕ್ಷಿಯ ಉಪಯೋಗವು ಬೇಗನೆ ತಿಳಿದುಬಂತು. ಅಮೇರಿಕದ ನಯಾಗರದ ಮೊದಲ ಛಾಯಾಚಿತ್ರಗಳನ್ನು 1840ರಲ್ಲಿಯೇ ಹ್ಯೂ ಲೀ ಪ್ಯಾಟಿನ್‌ಸನ್ ಎಂಬ ಇಂಗ್ಲಂಡಿನ ರಸಾಯನಶಾಸ್ತ್ರಜ್ಞನು ದಾಗೇರನ ಪದ್ಧತಿಯಿಂದ ತೆಗೆದನು. ಕಾರ್ಲ್‌ಟನ್ ವಾಟ್ಕಿನ್ಸನು 1861ರಲ್ಲಿ ಕ್ಯಾಲಿಫೋರ್ನಿಯದ ಯೊಸೆಮಿಟಿ ಕಣಿವೆಗೆ ಹೇಸರಗತ್ತೆಗಳ ಮೇಲೆ ದೊಡ್ಡ ದೊಡ್ಡ ಗಾಜುಗಳನ್ನು ಹೇರಿಕೊಂಡು ಹೋಗಿ ಅಲ್ಲಿಯ ಬಂಡೆಗಳ, ಧಬಧಬೆಗಳ ಚಿತ್ರಗಳನ್ನು ತಂದನು. ಕಣಿವೆಯನ್ನು ಕಣ್ಣಾರೆ ಕಾಣದ ರಾಜಧಾನಿಯ ಮಂದಿಗೆ ಆ ಚಿತ್ರಗಳೇ ಕಣ್ಣಾದವು. 1864ರಲ್ಲಿ ಅಧ್ಯಕ್ಷ ಲಿಂಕನ್ನನು ಸಹಿ ಹಾಕಿದ ಕಾಯಿದೆಯು ಆ ಕಣಿವೆಯನ್ನು ಸಾರ್ವಜನಿಕರ ಉಪಭೋಗಕ್ಕಾಗಿ ಕಾದಿರಿಸಿತು; ಅದಕ್ಕೆ ಅನುಕೂಲವಾದ ಲೋಕಮತವನ್ನು ಬೆಳೆಸಿದ್ದರಲ್ಲಿ ವಾಟ್ಕಿನ್ಸನ ಚಿತ್ರಗಳ ಪಾಲು ದೊಡ್ಡದೆಂದು ಇತಿಹಾಸಕಾರರು ಒಪ್ಪುತ್ತಾರೆ.

ಕಲಬುರ್ಗಿಯ ಸೀಮೆಯು ಆಗ ನಿಜಾಮರ ರಾಜ್ಯದಲ್ಲಿತ್ತು. ಮುಂಬಯಿಯಿಂದ ಸೊಲ್ಲಾಪುರ, ಕಲಬುರ್ಗಿಗಳ ಮೇಲೆ ಬಂದ ರೇಲ್ವೆಯು 1871ರಲ್ಲಿ ರಾಯಚೂರನ್ನು ಮುಟ್ಟಿತು. 1874ರಲ್ಲಿ ವಾಡಿಯಿಂದ ಹೈದರಾಬಾದಿಗೆ ದಾರಿಯಾಯಿತು. ಇದೇ ದಶಕದಲ್ಲಿ ಛಾಯಾಗ್ರಹಣದ ರಸಾಯನವೂ ಬದಲಾಯಿತು. 1871ರಲ್ಲಿ ಮ್ಯಾಡಕ್ಸನು ಸೂಚಿಸಿದ ಜಿಲೆಟಿನಿನ ಒಣ ಫಲಕಗಳು 1880ರ ಸುಮಾರಿಗೆ ಎಲ್ಲೆಡೆ ಮಾರಾಟಕ್ಕೆ ಬಂದವು. ಕತ್ತಲೆಯ ಡೇರೆಯು ಬೇಡವಾಯಿತು. ಸೆಕೆಂಡಿನ ಚಿಕ್ಕ ಭಾಗದಲ್ಲಿ ಚಿತ್ರವು ದೊರೆಯತೊಡಗಿತು. ಹೈದರಾಬಾದಿನಲ್ಲಿ ಈ ಹೊಸ ಸಾಧನವನ್ನು ಕೀರ್ತಿಗೆ ತಂದವರು ಲಾಲಾ ದೀನ್ ದಯಾಳರು. 1844ರಲ್ಲಿ ಸರ್ಧಾನದಲ್ಲಿ ಹುಟ್ಟಿ, ರೂರ್ಕಿಯಲ್ಲಿ ಶಿಲ್ಪಶಾಸ್ತ್ರವನ್ನು ಓದಿ, ಇಂದೂರಿನಲ್ಲಿ ನೌಕರಿ ಮಾಡಿ, ಮುಂದೆ ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನದ ಛಾಯಾಗ್ರಾಹಕರಾಗಿ ರಾಜಾ ಮುಸವ್ವಿರ್ ಜಂಗ್ ಎಂಬ ಬಿರುದನ್ನು ಪಡೆದು 1905ರಲ್ಲಿ ತೀರಿಕೊಂಡರು. ಅರಮನೆ, ದರಬಾರು, ಬೇಟೆ, ಸೈನ್ಯ, ಪ್ರಾಚೀನ ಕಟ್ಟಡ ಇವೇ ಅವರ ಕೆಲಸದ ಬಹುಭಾಗ. 1914ರಲ್ಲಿ ಗುಲಾಂ ಯಜ್ದಾನಿಯವರ ಕೈಕೆಳಗೆ ಸ್ಥಾಪಿತವಾದ ಪುರಾತತ್ತ್ವ ಇಲಾಖೆಯು ಕೂಡ, ತನ್ನ ಧರ್ಮಕ್ಕೆ ತಕ್ಕಂತೆ, ಕೋಟೆ ಗುಡಿ ಮಸೀದಿಗಳನ್ನು ಚಿತ್ರಿಸಿತು. ಯಂತ್ರಕ್ಕೆ ನೀರನ್ನು ಹಿಡಿಯುವ ಶಕ್ತಿಯು ಬಂದ ಕಾಲಕ್ಕೆ ಅದನ್ನು ಹಿಡಿಯೆಂದು ಹೇಳುವ ಇಲಾಖೆಯು ಇರಲಿಲ್ಲ.

ಅದೇ ಕಾಲದಲ್ಲಿ ನೀರಿನ ಮೇಲೆ ಬೇರೆಯವರ ಕಣ್ಣು ಬಿದ್ದಿತ್ತು. ಗೋಕಾವಿಯಲ್ಲಿ ಘಟಪ್ರಭೆಯು ಸುಮಾರು 170 ಅಡಿ ಧುಮುಕುವ ಸ್ಥಳದಲ್ಲಿ 1887ರಲ್ಲಿ ನೀರಿನ ಬಲದಿಂದ ನೂಲಿನ ಗಿರಣಿಯು ನಡೆಯತೊಡಗಿತು. 1902ರಲ್ಲಿ ಶಿವಸಮುದ್ರದ ಕಾವೇರಿಯಿಂದ ಹುಟ್ಟಿದ ವಿದ್ಯುತ್ತು 90 ಮೈಲಿಗೂ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹೋಯಿತು. ಸುಮಾರು 830 ಅಡಿ ಬೀಳುವ ಗೇರಸೊಪ್ಪೆಯ ಜೋಗದಲ್ಲಿ 1948ರಲ್ಲಿ ವಿದ್ಯುದಾಗಾರವು ಆರಂಭವಾಯಿತು. 1964ರಲ್ಲಿ ಲಿಂಗನಮಕ್ಕಿಯ ಆಣೆಕಟ್ಟು ಮುಗಿದ ಮೇಲೆ ರಾಜಾ, ರೋರರ್, ರಾಕೆಟ್, ರಾಣಿ ಎಂಬ ನಾಲ್ಕು ಕವಲುಗಳೂ ಬೇಸಗೆಯಲ್ಲಿ ಸೊರಗತೊಡಗಿದವು. ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲು ಬಿದ್ದದ್ದೂ 1964ರಲ್ಲಿಯೇ. ನಾರಾಯಣಪುರದ ಬಸವಸಾಗರವು 1982ರಲ್ಲಿ ಪೂರ್ಣವಾಯಿತು. ಅಂದಿನಿಂದ ಛಾಯಾ ಭಗವತಿಯ ಹತ್ತಿರವೂ ಜಲದುರ್ಗದಲ್ಲಿಯೂ ಕೃಷ್ಣೆಯು ಎಷ್ಟು ಧುಮುಕಬೇಕೆಂಬದು ಮಳೆಯೊಡನೆ ಆಣೆಕಟ್ಟಿನ ಬಾಗಿಲುಗಳನ್ನೂ ಅವಲಂಬಿಸಿದೆ.

ಇಲ್ಲಿಯೇ ಛಾಯಾಚಿತ್ರದ ಅರ್ಥವು ಬದಲಾಗುತ್ತದೆ. ನದಿಯು ತನ್ನ ಇಚ್ಛೆಯಿಂದ ಹರಿಯುತ್ತಿದ್ದಾಗ ಧಬಧಬೆಯ ಚಿತ್ರವು ಒಂದು ಸುಂದರ ನೋಟ. ಈ ವರ್ಷ ತೆಗೆಯದಿದ್ದರೆ ಮುಂದಿನ ವರ್ಷ ತೆಗೆಯಬಹುದು. ನದಿಗೆ ಬಾಗಿಲು ಬಿದ್ದ ಮೇಲೆ ಅದಕ್ಕಿಂತ ಹಿಂದಿನ ಪ್ರತಿಯೊಂದು ಚಿತ್ರವೂ ಮತ್ತೆ ದೊರೆಯದ ದಾಖಲೆ. ಅಂತಹ ಚಿತ್ರವನ್ನು ಓದುವ ಕ್ರಮವೊಂದಿದೆ. ನೆರಳು ಬಿದ್ದ ದಿಕ್ಕಿನಿಂದ ಹೊತ್ತನ್ನು, ಗಿಡಗಳ ಎಲೆಯಿಂದ ಋತುವನ್ನು, ಬಂಡೆಯ ಮೇಲಿನ ಒದ್ದೆಯ ಗೆರೆಯಿಂದ ನೀರು ಏರಿ ಇಳಿದದ್ದನ್ನು, ಪಾಚಿಯ ಅಂಚಿನಿಂದ ನೀರಿನ ವಾಡಿಕೆಯ ಮಟ್ಟವನ್ನು ಊಹಿಸಬಹುದು. ನೀರು ರೇಶಿಮೆಯಾಗಿದೆಯೋ ಹನಿಯಾಗಿದೆಯೋ ಎಂಬದರಿಂದ ಫಲಕವು ತೆರೆದಿದ್ದ ಕಾಲವೂ, ಅದರಿಂದ ಚಿತ್ರದ ವಯಸ್ಸೂ ಒಂದಿಷ್ಟು ತಿಳಿಯುತ್ತದೆ. ಕೃತಕ ದೀಪಗಳನ್ನು ಬಿಟ್ಟು ರಾತ್ರಿ ತೆಗೆದ ಬಣ್ಣಬಣ್ಣದ ಚಿತ್ರದಲ್ಲಿ ಈ ಮಾತುಗಳಲ್ಲಿ ಅರ್ಧಕ್ಕರ್ಧ ಅಡಗಿಹೋಗುತ್ತವೆ.

ಹಾಗಾದರೆ ರೇಶಿಮೆಯ ನೀರು ಸತ್ಯವೋ ಹನಿಯ ನೀರು ಸತ್ಯವೋ ಎಂಬ ವಾದವು ಛಾಯಾಗ್ರಾಹಕರಲ್ಲಿ ಹಳೆಯದು. ಕಣ್ಣು ಇವೆರಡರಂತೆಯೂ ಕಾಣುವದಿಲ್ಲವೆಂಬದೇ ಇದಕ್ಕೆ ಉತ್ತರ. ನುಡಿಯು ಕೂಡ ಈ ಮಾತಿಗೆ ಆಧಾರವಾಗಿದೆ. ಉತ್ತರ ಕರ್ನಾಟಕದವರು ಧುಮುಕುವ ನೀರಿಗೆ ಧಬಧಬೆಯೆಂದರು. ಅದು ಕಿವಿಯು ಇಟ್ಟ ಹೆಸರು. ಕರ್ನಾಟಕದ ಅಂಚಿನಲ್ಲಿ, ಗೋವೆಯ ಗಡಿಯೊಳಗೆ ಮಹಾದಾಯಿಯು ಘಟ್ಟವನ್ನು ಇಳಿಯುವ ಸ್ಥಳಕ್ಕೆ ದೂಧಸಾಗರವೆಂದರು. ಅದು ಕಣ್ಣು ಇಟ್ಟ ಹೆಸರು. ಬೀಳುವ ನೀರು ದೂರದಿಂದ ಹಾಲಾಗಿ ಕಾಣುವದನ್ನು ಜನರು ಯಂತ್ರದಿಂದ ಕಲಿಯಬೇಕಾಗಿರಲಿಲ್ಲ. ಹತ್ತಿರ ಹೋದವನಿಗೆ ಮುಖಕ್ಕೆ ಬಡಿದದ್ದು ಹನಿಯೇ. ಹಾಲೂ ಸತ್ಯ, ಹನಿಯೂ ಸತ್ಯ. ಎಷ್ಟು ದೂರದಿಂದ, ಎಷ್ಟು ಹೊತ್ತು ನೋಡಿದ ಸತ್ಯವೆಂಬದನ್ನು ಚಿತ್ರದ ಬೆನ್ನಿನ ಮೇಲೆ ಬರೆದಿಟ್ಟರೆ ವಾದವು ಮುಗಿಯುತ್ತದೆ.

ಧಬಧಬೆಯು ಸೊರಗಿತೆಂದು ಹಲಬುವವರು ಒಂದು ಮಾತನ್ನು ಮರೆಯಲಾಗದು. ಜಲದುರ್ಗದ ಬಂಡೆಗೆ ತಪ್ಪಿದ ನೀರು ಸುರಪುರ, ಶಹಾಪುರ, ಜೇವರ್ಗಿಗಳ ಹೊಲಗಳಿಗೆ ಮುಟ್ಟಿದೆ. ಮಳೆಯನ್ನೇ ನಂಬಿ, ಒಂದು ವರ್ಷ ಉಂಡು ಇನ್ನೊಂದು ವರ್ಷ ಗುಳೆ ಹೋಗುತ್ತಿದ್ದ ಒಕ್ಕಲಿಗೆ ಕಾಲುವೆಯ ನೀರಿನ ಸೊಬಗು ಯಾವ ಧಬಧಬೆಯ ಸೊಬಗಿಗೂ ಕಡಿಮೆಯದಲ್ಲ. ಆದರೆ ಪಡೆದದ್ದನ್ನು ಲೆಕ್ಕದ ಪುಸ್ತಕದಲ್ಲಿ ಬರೆಯುವವರು ಬಿಟ್ಟುಕೊಟ್ಟದ್ದನ್ನೂ ಬರೆಯುವದು ನ್ಯಾಯ. ಎಷ್ಟು ಎಕರೆ ನೆಲವು ನೀರು ಕಂಡಿತೆಂಬದಕ್ಕೆ ಸರಕಾರದ ಕಡತಗಳಿವೆ. ಅದಕ್ಕಾಗಿ ನದಿಯು ಏನನ್ನು ಕೊಟ್ಟಿತೆಂಬದಕ್ಕೆ ಹಳೆಯ ಗೆಜೆಟಿಯರಿನ ಕೆಲವು ಸಾಲುಗಳಿಗಿಂತ ಹೆಚ್ಚಿನ ಸಾಕ್ಷಿಯು ಬೇಕು. ನಯಾಗರದ ದಂಡೆಯ ಎರಡು ರಾಷ್ಟ್ರಗಳು ಈ ಎರಡು ಲೆಕ್ಕಗಳನ್ನೂ ಒಂದೇ ಹಾಳೆಯಲ್ಲಿ ಬರೆದವು. 1950ರ ಒಪ್ಪಂದದ ಪ್ರಕಾರ ವಿದ್ಯುತ್ತಿಗೆ ನೀರನ್ನು ತಿರುಗಿಸಿಕೊಂಡರೂ ಪ್ರವಾಸದ ಋತುವಿನಲ್ಲಿ ಜನರು ನೋಡುವ ಹೊತ್ತಿಗೆ ಸೆಕೆಂಡಿಗೆ 1,00,000 ಘನ ಅಡಿ, ಉಳಿದ ಹೊತ್ತಿಗೆ 50,000 ಘನ ಅಡಿ ನೀರು ಧಬಧಬೆಯ ಮೇಲೆ ಬೀಳಲೇಬೇಕು. ಜನರು ನೋಡುವ ಹೊತ್ತಿಗೂ ನದಿಯ ಪಾಲಿಗೂ ಅಲ್ಲಿ ಕಾಯಿದೆಯ ಸಂಬಂಧವು ಏರ್ಪಟ್ಟಿದೆ. ನದಿಯ ಹಿಂದಿನ ರೂಪವನ್ನು ಚಿತ್ರದಲ್ಲಿ ಉಳಿಸಿಕೊಂಡ ಜನಕ್ಕೆ ಮಾತ್ರ ಅದರ ಪಾಲನ್ನು ಕೇಳುವ ಧೈರ್ಯವಿರುತ್ತದೆ.

ಈ ಮಾತು ಬಯಲು ಸೀಮೆಗೂ ಸಲ್ಲುತ್ತದೆ. ಅಫಜಲಪುರ ತಾಲೂಕಿನ ಸೊನ್ನದಲ್ಲಿ ಭೀಮೆಗೆ ಬ್ಯಾರೇಜಿದೆ. ಆಳಂದ ತಾಲೂಕಿನ ಕೋರಹಳ್ಳಿಯ ಹತ್ತಿರ ಅಮರ್ಜೆಗೆ ಆಣೆಕಟ್ಟಿದೆ. ಪೂರದ ಕಾಲದಲ್ಲಿ ಬಾಗಿಲುಗಳು ತೆರೆದಾಗ ಅಲ್ಲಿ ಬೀಳುವ ನೀರು ಕೂಡ ಧಬಧಬೆಯೇ. ಮನುಷ್ಯನು ಕಟ್ಟಿದ್ದೆಂಬಷ್ಟೇ ಭೇದ. 2020ರ ಅಕ್ಟೋಬರಿನಲ್ಲಿ ಭೀಮೆಯು ಉಕ್ಕಿ ಅಫಜಲಪುರ, ಜೇವರ್ಗಿಗಳ ದಂಡೆಯ ಹಳ್ಳಿಗಳನ್ನು ನುಗ್ಗಿದಾಗ ಕೈಯಲ್ಲಿ ಯಂತ್ರವಿದ್ದವರು ಚಿತ್ರ ತೆಗೆದರು. ತಾರೀಖು, ಹೊತ್ತು, ನಿಂತ ಸ್ಥಳ ಇವುಗಳನ್ನು ಬರೆದಿಟ್ಟ ಚಿತ್ರವು ಮುಂದಿನ ಮಹಾಪೂರದಲ್ಲಿ ಯಾವ ಮನೆಯ ಹೊಸ್ತಿಲವರೆಗೆ ನೀರು ಏರಬಹುದೆಂಬದನ್ನು ಹೇಳಬಲ್ಲದು. ಅವಿಲ್ಲದ ಚಿತ್ರವು ಕೆಲವು ದಿನಗಳ ಸುದ್ದಿಯಾಗಿ ಅಳಿಯುತ್ತದೆ. ಇಂತಹ ಚಿತ್ರಕ್ಕೆ ಹೊರಡುವವರು ಎರಡು ಎಚ್ಚರಿಕೆಗಳನ್ನು ಪಾಲಿಸತಕ್ಕದ್ದು. ಪಾಚಿ ಕಟ್ಟಿದ ಬಂಡೆಯ ಮೇಲೆ ಕಾಲಿಡಬಾರದು; ಆಣೆಕಟ್ಟಿನ ಕೆಳಗಿನ ನದಿಯ ಪಾತ್ರದಲ್ಲಿ ನೀರು ಯಾವ ಗಳಿಗೆಯಲ್ಲಾದರೂ ಏರಬಹುದೆಂದು ತಿಳಿದು ದಂಡೆಯ ಮೇಲೆಯೇ ನಿಲ್ಲಬೇಕು.

ಬಿಗ್ಸ್, ಪಿಗೂ ಮೊದಲಾದವರು ಹಸಿ ಗಾಜು, ಮೇಣದ ಕಾಗದಗಳಿಂದ ಕಲ್ಲಿನ ರೂಪವನ್ನು ಉಳಿಸಿದರು. ಅವರ ಕಾಲದ ನಂತರ ಬಿದ್ದುಹೋದ ಎಷ್ಟೋ ಕಂಬಗಳು ಆ ಚಿತ್ರಗಳಲ್ಲಿ ಇನ್ನೂ ನಿಂತಿವೆ. ನೀರಿನ ರೂಪವನ್ನು ಉಳಿಸುವ ಸಾಧನವು ಅವರಿಗಿರಲಿಲ್ಲ. ಇಂದು ಅದು ಪ್ರತಿಯೊಬ್ಬನ ಕಿಸೆಯಲ್ಲಿದೆ. ಬಿಸಿಲಂತೂ ಈ ಸೀಮೆಯಲ್ಲಿ ಎಂದೂ ಕೊರತೆಯಾದದ್ದಲ್ಲ. ಮನೆಗಳ ಗೋಡೆಯ ಮೇಲೆ, ಹಳೆಯ ಪೆಟ್ಟಿಗೆಗಳಲ್ಲಿ 1982ಕ್ಕಿಂತ ಹಿಂದಿನ ಛಾಯಾ ಭಗವತಿಯ ಜಾತ್ರೆಯ ಚಿತ್ರವೋ, ಜಲದುರ್ಗಕ್ಕೆ ಹೋಗಿದ್ದ ಬಂಧುಗಳ ಚಿತ್ರವೋ ಇದ್ದರೆ ಅದರಲ್ಲಿ ನಿಂತ ಮನುಷ್ಯರ ಹಿಂದೆ ಹರಿಯುವ ನೀರನ್ನೂ ಒಮ್ಮೆ ನೋಡಬೇಕು. ತೆಗೆಸಿಕೊಂಡವರಿಗೆ ಅದು ಬರಿಯ ಹಿನ್ನೆಲೆಯಾಗಿತ್ತು. ನದಿಯ ಇತಿಹಾಸಕ್ಕೆ ಅದೇ ಶಾಸನ. ಅಂತಹ ಚಿತ್ರದ ಹಿಂದೆ ವರ್ಷವನ್ನೂ ಸ್ಥಳವನ್ನೂ, ಬಲ್ಲ ಹಿರಿಯರು ಇರುವಾಗಲೇ ಕೇಳಿ ಬರೆದಿಡುವದು ಈಗ ಆಗಬೇಕಾದ ಕೆಲಸ.